ನಗರಾಡಳಿತದ ಸಭೆಯಲ್ಲಿ ವರ್ತಕರ ದನಿ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿಯೋ ಬೆಂಗಳೂರು ರಸ್ತೆಯಲ್ಲಿಯೋ ಅಂಗಡಿ ಇಟ್ಟುಕೊಂಡಿರುವ ವರ್ತಕರಲ್ಲಿ ಅನೇಕರ ಮನೆ ಬೇರೊಂದು ವಾರ್ಡಿನಲ್ಲಿರುತ್ತದೆ. ಅಂಗಡಿಯ ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ ಶುಲ್ಕ, ಕಸದ ಶುಲ್ಕ ಇವೆಲ್ಲ ಒಂದು ವಾರ್ಡಿನಿಂದ ಸಂದಾಯವಾದರೆ, ಮತ ಇನ್ನೊಂದು ವಾರ್ಡಿನಲ್ಲಿ ಚಲಾವಣೆಯಾಗುತ್ತದೆ. ಅಂಗಡಿಯ ಮುಂದೆ ಚರಂಡಿ ಕಟ್ಟಿ ಕೊಳಚೆ ನಿಂತಾಗ, ಅಲ್ಲಿನ ಸದಸ್ಯರಿಗೆ ಇವರು ಮತದಾರರಲ್ಲ. ಮನೆಯಿರುವ ವಾರ್ಡಿನ ಸದಸ್ಯರಿಗೆ ಆ ಚರಂಡಿ ತಮ್ಮದಲ್ಲ. ಹೀಗೆ ತೆರಿಗೆ ಕಟ್ಟುವ ಸ್ಥಳದಲ್ಲಿ ಪ್ರತಿನಿಧಿಯೇ ಇಲ್ಲದ ವರ್ಗವೊಂದು ನಗರದ ನಡುವೆಯೇ ಇದೆ.

ಈ ವರ್ಗದ ಹಣದ ಮೇಲೆ ಸ್ಥಳೀಯ ಸಂಸ್ಥೆಯ ಅವಲಂಬನೆ ಅಲ್ಪವೇನಲ್ಲ. 1979ರಲ್ಲಿ ಆಕ್ಟ್ರಾಯ್ ರದ್ದಾಯಿತು. ವೃತ್ತಿ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಸೇರುತ್ತದೆ. ಸ್ವಂತ ಆದಾಯವೆಂದು ಹೇಳಿಕೊಳ್ಳಲು ಪಾಲಿಕೆಗೆ ಉಳಿದಿರುವುದರಲ್ಲಿ ಆಸ್ತಿ ತೆರಿಗೆಯೇ ಮುಖ್ಯ. ಅದರಲ್ಲಿ ವಾಣಿಜ್ಯ ಕಟ್ಟಡಗಳ ದರ ವಾಸದ ಮನೆಗಳಿಗಿಂತ ಹೆಚ್ಚು. ಆದುದರಿಂದ ವರ್ತಕರು ನಗರಾಡಳಿತದ ಮುಂದೆ ಅಹವಾಲು ಮಂಡಿಸುವುದು ಬೇಡಿಕೊಳ್ಳುವುದಲ್ಲ, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು.

ಲೆಕ್ಕ ಕೇಳುವ ಸ್ಥಳ ಯಾವುದು? ಪಾಲಿಕೆಯ ಸಾಮಾನ್ಯ ಸಭೆಯಲ್ಲಿ ಮಾತನಾಡುವ ಹಕ್ಕು ಚುನಾಯಿತ ಸದಸ್ಯರದು. ಹೊರಗಿನಿಂದ ಕೂಗಿದ ಮಾತು ಮರುದಿನದ ಪತ್ರಿಕೆಯಲ್ಲಿ ಬಂದೀತು, ನಡಾವಳಿಯಲ್ಲಿ ಬಾರದು. ಸಾರ್ವಜನಿಕರೇ ಮಾತನಾಡಲೆಂದು ಏರ್ಪಟ್ಟಿರುವುದು ಆಯವ್ಯಯ ಪೂರ್ವಭಾವಿ ಸಭೆ. ಕರ್ನಾಟಕದ ಸ್ಥಳೀಯ ಸಂಸ್ಥೆಗಳಿಗೆ ದ್ವಿನಮೂದು ಲೆಕ್ಕಪದ್ಧತಿಯನ್ನು ತಂದ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳೇ ಆಯವ್ಯಯ ಸಿದ್ಧಪಡಿಸುವ ಮುನ್ನ ಸಾರ್ವಜನಿಕರೊಡನೆ ಸಮಾಲೋಚಿಸಬೇಕೆನ್ನುತ್ತವೆ. ಬಳ್ಳಾರಿ ಮಹಾನಗರ ಪಾಲಿಕೆಯಂತೆಯೇ ಸಿರುಗುಪ್ಪ ನಗರಸಭೆಗೂ ಕುರುಗೋಡು ಪುರಸಭೆಗೂ ಇದು ಅನ್ವಯ.

ಇಲ್ಲಿ ಕಾಲವೇ ಪ್ರಧಾನ. ಏಪ್ರಿಲ್‌ನಿಂದ ಆರಂಭವಾಗುವ ವರ್ಷದ ಆಯವ್ಯಯ ಚಳಿಗಾಲದಲ್ಲಿಯೇ ರೂಪುಗೊಳ್ಳುತ್ತದೆ. ಮಾರ್ಚ್ ಕಳೆದ ಮೇಲೆ ಕೊಟ್ಟ ಮನವಿಗೆ ‘ಅನುದಾನವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಳ್ಳಾರಿ ಪಾಲಿಕೆಯ 39 ವಾರ್ಡುಗಳಿಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ ನಡೆಯಿತಾದರೂ ಮೇಯರ್ ಆಯ್ಕೆಯಾದದ್ದು 2022ರ ಮಾರ್ಚ್‌ನಲ್ಲಿ. ಸುಮಾರು 11 ತಿಂಗಳ ಈ ಅಂತರದಲ್ಲಿ ಆಯವ್ಯಯ ತಯಾರಿಯ ಋತು ಪೂರ್ತಿಯಾಗಿ ಅಡಗಿತ್ತು. ಗೆದ್ದ ಸದಸ್ಯರಿಗೇ ಸಭೆಯಿಲ್ಲದ ಆ ದಿನಗಳಲ್ಲಿ ಪಟ್ಟಣದ ವ್ಯಾಪಾರಿ ತನ್ನ ಮಾತನ್ನು ಯಾರಿಗೆ ಹೇಳಬೇಕಿತ್ತು? ಸಭೆ ನಡೆಯಲೇಬೇಕೆಂದು ಒತ್ತಾಯಿಸುವುದೂ ವರ್ತಕ ಸಂಘಗಳ ಕರ್ತವ್ಯವೆಂಬುದನ್ನು ಆ ಅನುಭವ ಕಲಿಸಿದೆ.

ಇನ್ನು ಸಭೆ ಕರೆದಾಗ ವರ್ತಕರು ದೂರ ಉಳಿಯುವುದೇಕೆ? ವ್ಯಾಪಾರದ ವೇಳೆ ಎಂಬುದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ ಅಳುಕು. ಮಳಿಗೆಯ ಸರಕು ಪಾದಚಾರಿ ಮಾರ್ಗಕ್ಕೆ ಚಾಚಿರುತ್ತದೆ, ಪರವಾನಗಿ ನವೀಕರಣವಾಗಿರುವುದಿಲ್ಲ, ಸ್ವಯಂ ಘೋಷಿತ ತೆರಿಗೆಯಲ್ಲಿ ಕಟ್ಟಡದ ಅಳತೆ ಕುಗ್ಗಿರುತ್ತದೆ. ಎದ್ದು ನಿಂತು ಮಾತನಾಡಿದರೆ ಮರುದಿನ ನೋಟಿಸು ಬಂದೀತೆಂಬ ಭಯ. ಈ ಭಯಕ್ಕೆ ಮದ್ದು ಮೌನವಲ್ಲ, ಕಾಗದ ಸರಿಪಡಿಸಿಕೊಳ್ಳುವುದು. ಏಪ್ರಿಲ್‌ನಲ್ಲಿ ಶೇ. 5ರ ರಿಯಾಯಿತಿಯೊಡನೆ ಪೂರ್ಣ ತೆರಿಗೆ ಕಟ್ಟಿದವನ ಪ್ರಶ್ನೆಗಿರುವ ತೂಕ, ಬಾಕಿ ಉಳಿಸಿಕೊಂಡವನ ಗಟ್ಟಿ ದನಿಗಿಲ್ಲ.

ಅಹವಾಲನ್ನು ಮಂಡಿಸುವ ರೀತಿಯೂ ಬದಲಾಗಬೇಕು. ತಮ್ಮ ತಮ್ಮ ಅಂಗಡಿಯ ಮುಂದಿನ ದೀಪ, ಗುಂಡಿಗಳನ್ನು ಒಬ್ಬೊಬ್ಬರಾಗಿ ಹೇಳಿದರೆ ಅಧಿಕಾರಿಗಳು ‘ಗಮನಿಸುತ್ತೇವೆ’ ಎಂದು ಮುಗಿಸುತ್ತಾರೆ. ಅದರ ಬದಲು ಹಿಂದಿನ ವರ್ಷದ ಅಂದಾಜನ್ನೂ ವಾಸ್ತವ ವೆಚ್ಚವನ್ನೂ ಅಕ್ಕಪಕ್ಕದಲ್ಲಿಟ್ಟು ಪ್ರಶ್ನಿಸಬೇಕು: ಈ ಮಾರುಕಟ್ಟೆ ವಾರ್ಡಿನಿಂದ ವಸೂಲಾದದ್ದೆಷ್ಟು, ಅಲ್ಲಿ ಚರಂಡಿಗೆ ವ್ಯಯವಾದದ್ದೆಷ್ಟು, ಮಂಜೂರಾಗಿಯೂ ಖರ್ಚಾಗದೆ ಉಳಿದದ್ದೆಷ್ಟು? ಅಂಕಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಗಡುವಿರುವುದರಿಂದ ಅರ್ಜಿ ಅಕ್ಟೋಬರ್‌ನಲ್ಲಿಯೇ ಹೋಗಬೇಕು. ಮನವಿ ಲಿಖಿತವಾಗಿರಲಿ, ಸ್ವೀಕೃತಿಯ ಮೊಹರು ಬೀಳಲಿ, ನಡಾವಳಿಯ ಪ್ರತಿ ಕೈಗೆ ಬರಲಿ.

ಊರಿನಿಂದ ಊರಿಗೆ ವಿಷಯ ಬೇರೆ. ಬಳ್ಳಾರಿಯ ಜೀನ್ಸ್ ಉದ್ಯಮಕ್ಕೆ ಬಟ್ಟೆ ತೊಳೆಯುವ ನೀರೂ, ತೊಳೆದ ಬಣ್ಣದ ನೀರಿನ ಶುದ್ಧೀಕರಣವೂ ಜೀವನ್ಮರಣದ ಪ್ರಶ್ನೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಲಾರಿ ಸಂಚಾರ ಹಾಗೂ ಹೊಟ್ಟಿನ ಬೂದಿಯ ವಿಲೇವಾರಿ ಚರ್ಚೆಗೆ ಬರಬೇಕು. ಇಲ್ಲಿ ಬೂದಿಯಿಂದ ಬಾಧೆಪಡುವ ನೆರೆಹೊರೆಯವರ ದೂರನ್ನೂ ಗಿರಣಿ ಮಾಲೀಕರು ಕೇಳಿಸಿಕೊಳ್ಳಬೇಕು. ತಾಲ್ಲೂಕು ಕೇಂದ್ರವಾಗಿ ಬೆಳೆಯುತ್ತಿರುವ ಕುರುಗೋಡಿನಲ್ಲಿ ಮಾರುಕಟ್ಟೆಗೆ ಜಾಗವನ್ನು ಈಗಲೇ ಗುರುತಿಸಿದರೆ ಮುಂದೆ ರಸ್ತೆ ಅಗಲೀಕರಣದ ನೋವು ತಪ್ಪುತ್ತದೆ.

ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ಬಳ್ಳಾರಿ ಈ ವ್ಯಾಪ್ತಿಗೆ ಬರುತ್ತದೆ. ಸಿರುಗುಪ್ಪ, ಕುರುಗೋಡುಗಳಿಗೆ ಆ ಆಸರೆಯಿಲ್ಲ. ಆದಕಾರಣ ಆ ಎರಡು ಪಟ್ಟಣಗಳಲ್ಲಿ ಪೂರ್ವಭಾವಿ ಸಭೆಯ ಮಹತ್ವ ಇನ್ನೂ ಅಧಿಕ.

ನವೆಂಬರ್ ಮುಗಿಯುವುದರೊಳಗೆ ಮೂರೂ ಊರುಗಳ ವರ್ತಕರು ತಮ್ಮ ತಮ್ಮ ಪಟ್ಟಣದ ಐದೇ ಐದು ಬೇಡಿಕೆಗಳನ್ನು ಅಂಕಿಸಹಿತ ಸಿದ್ಧಪಡಿಸಿಕೊಳ್ಳುವುದು ಒಳಿತು. ದಿನದ ಕೊನೆಗೆ ಗಲ್ಲಾಪೆಟ್ಟಿಗೆಯ ಲೆಕ್ಕ ನೋಡದೆ ಬಾಗಿಲು ಹಾಕದ ವ್ಯಾಪಾರಿ, ತಾನು ಕಟ್ಟಿದ ತೆರಿಗೆಯ ಲೆಕ್ಕ ನೋಡಲು ವರ್ಷಕ್ಕೊಂದು ಅರ್ಧ ದಿನ ಅಂಗಡಿ ಮುಚ್ಚಿದರೆ ನಷ್ಟವೇನೂ ಆಗದು.