ಕ್ಯಾರೆಟ್ ತಕ್ಕಡಿಯಲ್ಲಿ ಕೇಸರಿ

“ಇದು ಪೂರ್ತಿ ನ್ಯಾಚುರಲ್, ಮಾಮೂ. ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ.” ಬೆಂಗಳೂರಿನಿಂದ ಬಂದಿದ್ದ ಹುಡುಗ ಹೀಗೆ ಹೇಳಿ, ಕೇಸರಿ ಕ್ಯಾಪ್ಸೂಲಿನ ಡಬ್ಬಿಯನ್ನು ನನ್ನ ಗೆಳೆಯರೊಬ್ಬರ ಕೈಗಿಟ್ಟ. ಗೆಳೆಯರಿಗೆ ಬಿ.ಪಿ. ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ನುಂಗುತ್ತಾರೆ. ಅದೇ ಮನೆಯಲ್ಲಿ ಐದು ತಿಂಗಳ ಬಸುರಿ ಸೊಸೆ ಇದ್ದಾಳೆ. ಅಂದು ಅಲೀಪುರದ ಆ ಮನೆಯಲ್ಲಿ ಶುರುವಾದ ಚರ್ಚೆ ನನ್ನೊಳಗೆ ಇನ್ನೂ ಮುಗಿದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಈ ಊರಿಗೂ ಕೇಸರಿಗೂ ನಂಟು ಇರುವುದು ಸಹಜ. ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಊರು. ಇಲ್ಲಿನ ಹುಡುಗರು ಓದಲೆಂದು ಇರಾನಿಗೆ ಹೋಗುತ್ತಾರೆ, ಹಿರಿಯರು ಮಶ್ಹದ್‌ನಲ್ಲಿರುವ ಇಮಾಮ್ ರಜಾ ದರ್ಗಾಕ್ಕೆ ಜಿಯಾರತ್‌ಗೆ ಹೋಗುತ್ತಾರೆ. ಮಶ್ಹದ್ ಇರುವುದು ಖೊರಾಸಾನ್‌ನಲ್ಲಿ, ಅಂದರೆ ಜಗತ್ತಿನ ಕೇಸರಿಯ ಬಹುಪಾಲು ಬೆಳೆಯುವ ಸೀಮೆಯಲ್ಲಿ. ತಿರುಪತಿಯಿಂದ ಬಂದವರು ಲಡ್ಡು ಹಂಚುವಂತೆ ಅಲ್ಲಿಂದ ಬಂದವರು ಜಾಫ್ರಾನ್, ಅಂದರೆ ಕೇಸರಿ, ಹಂಚುತ್ತಾರೆ. ಒಂದು ಗ್ರಾಮಿನ ಪುಟ್ಟ ಡಬ್ಬಿ, ಮೇಲೆ ಪಾರದರ್ಶಕ ಮುಚ್ಚಳ, ಒಳಗೆ ಕಡುಗೆಂಪು ಎಳೆಗಳು.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೇಸರಿಗೆ ಔಷಧೀಯ ಗುಣ ಇದೆ ಎಂದು ಒಪ್ಪುವವರು ಅದಕ್ಕೆ ಅಪಾಯವೂ ಇದೆ ಎಂದು ಒಪ್ಪಲೇಬೇಕು. ಮೈಯೊಳಗೆ ಹೋಗಿ ಏನನ್ನೋ ಬದಲಿಸುವ ವಸ್ತು ನಮಗೆ ಬೇಕಾದದ್ದನ್ನು ಮಾತ್ರ ಬದಲಿಸಿ ಸುಮ್ಮನಾಗುವುದಿಲ್ಲ. ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವವರಿಗೆ ನಮ್ಮ ಬೇಲಿಯಲ್ಲೇ ಬೆಳೆಯುವ ದತ್ತೂರಿ ಉತ್ತರ ಹೇಳುತ್ತದೆ.

ಹಾಗೆಂದು, ಹಿರಿಯರು ತಲೆತಲಾಂತರದಿಂದ ಬಳಸಿ ಕಂಡದ್ದು ಎಂಬ ವಾದವನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ. ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಕೇಸರಿಯ ವಿಷಯ ಬರೆದಿದ್ದಾನೆ. ಯುನಾನಿ ವೈದ್ಯರಾದ ಹಕೀಮರು ಅದನ್ನು ಮನಸ್ಸಿಗೆ ಉಲ್ಲಾಸ ಕೊಡುವ ‘ಮುಫರ್ರಿಹ್’ ದ್ರವ್ಯಗಳ ಸಾಲಿಗೆ ಸೇರಿಸುತ್ತಾರೆ. ಈ ವೈದ್ಯಪದ್ಧತಿಯ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯಲ್ಲೇ. ಆದರೆ ಹಕೀಮರ ಪುಸ್ತಕಗಳು ಒಂದು ಮದ್ದಿನ ಬಗ್ಗೆ ಬರೆಯುವಾಗ ಗುಣವನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಅದು ಯಾವ ಅಂಗಕ್ಕೆ ಕೇಡು, ಆ ಕೇಡನ್ನು ತಗ್ಗಿಸಲು ಜೊತೆಗೇನು ಕೊಡಬೇಕು, ಎಷ್ಟು ತೂಕ ಕೊಡಬೇಕು ಎಂಬುದನ್ನೂ ಬರೆಯುತ್ತವೆ. ಕೇಡಿಗೆ ‘ಮುಜಿರ್’ ಎಂದೂ ಅದನ್ನು ಸರಿಪಡಿಸುವುದಕ್ಕೆ ‘ಮುಸ್ಲಿಹ್’ ಎಂದೂ ಹೆಸರು. ಆಯುರ್ವೇದವೂ ಯುಕ್ತಿಯಿಲ್ಲದೆ ಕೊಟ್ಟ ಮದ್ದು ವಿಷಕ್ಕೆ ಸಮ ಎಂದೇ ಭಾವಿಸಿದೆ. ‘ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತು ಪರಂಪರೆಯಿಂದ ಬಂದದ್ದಲ್ಲ, ಜಾಹೀರಾತಿನಿಂದ ಬಂದದ್ದು. ಪರಂಪರೆಯ ಹೆಸರಿನಲ್ಲಿ ಪರಂಪರೆಯ ವಿವೇಕವನ್ನೇ ಅಳಿಸುವ ಈ ಮಾರಾಟ ನನಗೆ ಸಿಟ್ಟು ತರಿಸುತ್ತದೆ.

ಹಕೀಮರ ‘ಉಲ್ಲಾಸ’ವನ್ನು ಈಚಿನ ಸಂಶೋಧಕರು ಪರೀಕ್ಷೆಗೂ ಒಡ್ಡಿದ್ದಾರೆ. ಟೆಹರಾನಿನ ವೈದ್ಯರು 2004ರಲ್ಲಿ ಸಾಧಾರಣ ಖಿನ್ನತೆಯಿದ್ದ 30 ಮಂದಿಯಲ್ಲಿ ಕೆಲವರಿಗೆ ಕೇಸರಿಯ ಸಾರವನ್ನೂ ಉಳಿದವರಿಗೆ ಇಮಿಪ್ರಮಿನ್ ಎಂಬ ಹಳೆಯ ಖಿನ್ನತೆಯ ಔಷಧಿಯನ್ನೂ ಆರು ವಾರ ಕೊಟ್ಟು ನೋಡಿದರು. ಎರಡೂ ಗುಂಪಿನವರು ಹತ್ತಿರ ಹತ್ತಿರ ಒಂದೇ ರೀತಿ ಸುಧಾರಿಸಿದರು. ಮರುವರ್ಷ 40 ಮಂದಿಯಲ್ಲಿ ಫ್ಲುಯೊಕ್ಸೆಟಿನ್ ಜೊತೆ ಹೋಲಿಸಿದಾಗಲೂ ಹಾಗೇ ಆಯಿತು. ಇವು ಚಿಕ್ಕ ಅಧ್ಯಯನಗಳು, ಅವಧಿಯೂ ಚಿಕ್ಕದು. ಆಮೇಲೆ ಇಂಥವು ಬೇರೆಡೆಯೂ ನಡೆದವು, ಹೆಚ್ಚಿನವು ಇರಾನಿನವೇ. ಹಾಗಾಗಿ ಭರವಸೆ ಇದೆ ಎನ್ನಬಹುದು. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಇದಕ್ಕೆ ಜೋತುಬೀಳಿ ಎನ್ನುವಷ್ಟು ಪುರಾವೆ ಇಲ್ಲ. ಈಗಾಗಲೇ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಕ್ಯಾಪ್ಸೂಲನ್ನೂ ಸೇರಿಸಿಕೊಳ್ಳುವುದಂತೂ ಬೇಡ. ಒಂದೇ ಕೆಲಸಕ್ಕೆ ಎರಡು ಮದ್ದು ಕೂಡಿದರೆ ಪರಿಣಾಮ ಅತಿಯಾಗಬಹುದು.

ಆ ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 30 ಮಿಲಿಗ್ರಾಂ. ನಾನು ಇದನ್ನು ಹೇಳಿದಾಗ ಗೆಳೆಯರು, “ಅಂದರೆ ಎಷ್ಟು ಎಳೆ, ಮೇಷ್ಟ್ರೇ?” ಎಂದರು. ಅವರದು ಹರಳಿನ ಕೆಲಸ. ಅಲೀಪುರದ ಎಷ್ಟೋ ಮನೆಗಳಲ್ಲಿ ಹರಳು ಉಜ್ಜುವುದು, ಮಾರುವುದೇ ಕಸುಬು. ಒಳಗೆ ಹೋಗಿ ಕ್ಯಾರೆಟ್ ತಕ್ಕಡಿ ತಂದರು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟ್. ಗಾಳಿ ಬೀಸದಂತೆ ಗಾಜಿನ ಮುಚ್ಚಳ ಇರುವ ತಕ್ಕಡಿ. ಚಿಮುಟದಲ್ಲಿ ಮೂರು ಎಳೆ ಎತ್ತಿ ಇಟ್ಟರು, 0.03 ತೋರಿಸಿತು. ಅಂದರೆ ಆರೇಳು ಮಿಲಿಗ್ರಾಂ. ಒಂದೊಂದೇ ಎಳೆ ಸೇರಿಸುತ್ತ ಹೋದರು. 0.15 ತಲುಪುವಾಗ ಹದಿನಾಲ್ಕು ಎಳೆಗಳಾಗಿದ್ದವು. ಅದು ಪ್ರಯೋಗದ ಒಂದು ದಿನದ ತೂಕ. ಅಲ್ಲಿ ಬಳಸಿದ್ದು ಸಾರ, ಅದು ಬರೀ ಎಳೆಗಿಂತ ಗಟ್ಟಿ ಎಂಬುದನ್ನೂ ಮರೆಯಬಾರದು.

ಆ ತಕ್ಕಡಿ ನನ್ನ ಪ್ರಬಂಧದ ಅರ್ಧ ಕೆಲಸ ಮಾಡಿತು. ಹಾಲಿಗೆ ಹಾಕುವ ಮೂರು ಎಳೆ ಪರಿಮಳಕ್ಕೆ, ಬಣ್ಣಕ್ಕೆ, ಸಂಭ್ರಮಕ್ಕೆ ಸಾಕು. ಖಿನ್ನತೆ ಗುಣಪಡಿಸಲು ಸಾಲದು, ಕೇಡು ಮಾಡಲೂ ಸಾಲದು. ದಿನಕ್ಕೆ ಒಂದೂವರೆ ಗ್ರಾಮಿನವರೆಗೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ ಎನ್ನುತ್ತಾರೆ. ಐದು ಗ್ರಾಂ ದಾಟಿದರೆ ವಿಷ. ವಾಂತಿ, ತಲೆಸುತ್ತು, ರಕ್ತಸ್ರಾವ ಆಗಬಹುದು. ಹತ್ತು ಗ್ರಾಮಿನ ಸುತ್ತಮುತ್ತ ಗರ್ಭಪಾತದ ಅಪಾಯ ಇದೆ, ಇಪ್ಪತ್ತು ಗ್ರಾಂ ಪ್ರಾಣಕ್ಕೇ ಕುತ್ತು. ಈ ಬೆಲೆಯಲ್ಲಿ ಯಾರು ಐದು ಡಬ್ಬಿ ಒಮ್ಮೆಗೇ ತಿನ್ನುತ್ತಾರೆ ಎಂದು ಕೇಳಬಹುದು. ಅದು ನಿಜ. ಅಪಾಯ ಅಡುಗೆಮನೆಯಲ್ಲಿಲ್ಲ, ಸಾರವನ್ನು ಗಟ್ಟಿಮಾಡಿ ತುಂಬಿದ ಕ್ಯಾಪ್ಸೂಲಿನಲ್ಲಿದೆ. ಆರೋಗ್ಯವಂತರಿಗೆ ಒಂದು ವಾರ ದಿನಕ್ಕೆ 400 ಮಿಲಿಗ್ರಾಂ ಕೊಟ್ಟು ನೋಡಿದಾಗ ರಕ್ತದೊತ್ತಡ ಇಳಿದದ್ದು ದಾಖಲಾಗಿದೆ. ಈಗಾಗಲೇ ಬಿ.ಪಿ. ಮಾತ್ರೆ ನುಂಗುವ ನನ್ನ ಗೆಳೆಯರಿಗೆ ಇದು ಗೊತ್ತಿರಬೇಡವೇ? ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ವೈದ್ಯರು ಎಚ್ಚರಿಕೆ ಹೇಳುತ್ತಾರೆ.

ಇನ್ನು ಸೊಸೆಯ ವಿಷಯ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ನಂಬಿಕೆಗೆ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ಮಗುವಿನ ಬಣ್ಣ ತಂದೆತಾಯಿಯರ ವಂಶವಾಹಿಗಳಿಂದ ಬರುತ್ತದೆ. ಕೇಸರಿಗೆ ಬಣ್ಣ ಕೊಡುವ ಕ್ರೋಸಿನ್ ಕರುಳಿನಲ್ಲೇ ಒಡೆದು ಬೇರೆ ರೂಪ ತಾಳುತ್ತದೆ, ಮಗುವಿನ ಚರ್ಮಕ್ಕೆ ಹೋಗಿ ಬಳಿದುಕೊಳ್ಳುವುದಿಲ್ಲ. ಈ ತಪ್ಪು ನಂಬಿಕೆಗಿಂತ ಹೆಚ್ಚು ನೋವಾಗುವುದು ಕಪ್ಪಗೆ ಹುಟ್ಟಿದ ಮಗುವನ್ನು ನೋಡಿ ತಾಯಿಯನ್ನು ‘ಕೇಸರಿ ಸರಿಯಾಗಿ ಕುಡಿಯಲಿಲ್ಲವೇ’ ಎಂದು ಕೇಳುವಾಗ. ಹುಟ್ಟುವ ಮೊದಲೇ ಒಂದು ಮಗುವಿನ ಬಣ್ಣವನ್ನು ತಪ್ಪೆಂದು ತೀರ್ಮಾನಿಸುವ ಮನಸ್ಸಿಗೆ ಯಾವ ಹೂವೂ ಮದ್ದಲ್ಲ.

ಅದೇ ಮನೆಗಳಲ್ಲಿ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಮಾತ್ರೆ ಕಪಾಟಿನಲ್ಲಿ ಉಳಿದಿರುತ್ತದೆ. ಕರ್ನಾಟಕದಲ್ಲಿ ನೂರು ಬಸುರಿಯರಲ್ಲಿ ನಲವತ್ತೈದಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತ್ತು. ಮಾತ್ರೆಗೆ ದುಡ್ಡಿಲ್ಲ, ಕೇಸರಿಗೆ ಗ್ರಾಮಿಗೆ ನೂರಾರು ರೂಪಾಯಿ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ದುಬಾರಿಯದ್ದೇ ಮದ್ದು ಎನ್ನುವ ಎಣಿಕೆ ನಮ್ಮದು. ಸಾಲದ್ದಕ್ಕೆ ಹಾಲಿನ ಜೊತೆಯಲ್ಲೇ ಮಾತ್ರೆ ನುಂಗಿದರೆ ಹಾಲಿನ ಸುಣ್ಣದಂಶ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಕೇಸರಿ ಹಾಲಿನಿಂದ ಬಸುರಿಗೆ ನಿಜವಾಗಿ ಆಗಬಹುದಾದ ನಷ್ಟ ಇದು, ಇದನ್ನು ಯಾರೂ ಹೇಳುವುದಿಲ್ಲ.

ದುಬಾರಿಯಾದ ಮೇಲೆ ಕಲಬೆರಕೆ ಬಾರದೆ ಇರುತ್ತದೆಯೇ? ಒಂದು ಹೂವಿಗೆ ಮೂರೇ ಎಳೆ. ಕಿಲೋ ಒಣ ಕೇಸರಿಗೆ ಒಂದೂವರೆ ಲಕ್ಷದಷ್ಟು ಹೂ ಬೇಕು, ಎಲ್ಲವನ್ನೂ ಕೈಯಿಂದಲೇ ಬಿಡಿಸಬೇಕು. ಹೀಗಾಗಿ ಕುಸುಬೆಯ ಎಸಳು, ಬಣ್ಣ ಹಾಕಿದ ಜೋಳದ ತೆನೆಯ ಕೂದಲು ಡಬ್ಬಿ ಸೇರುತ್ತವೆ. ನಮಗೆ ಹೆಸರಿನಲ್ಲೇ ಮೋಸ ಅಭ್ಯಾಸವಾಗಿದೆ. ಹೋಟೆಲಿನ ಕೇಸರಿಬಾತಿನಲ್ಲಿ ಕೇಸರಿ ಇಲ್ಲದೆ ಎಷ್ಟು ಕಾಲವಾಯಿತು! ಹತ್ತಿ ಮಿಠಾಯಿಗೂ ಗೋಬಿ ಮಂಚೂರಿಗೂ ಹಾಕುತ್ತಿದ್ದ ರೋಡಮಿನ್-ಬಿ ಎಂಬ ಬಣ್ಣವನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಬಣ್ಣ ಹಾಕಿದ ನೂಲನ್ನು ಔಷಧಿ ಎಂದು ಬಸುರಿಗೆ ಕುಡಿಸುವುದು ಅದಕ್ಕಿಂತ ಸಣ್ಣ ಅಪರಾಧವೇನಲ್ಲ.

ಗೆಳೆಯರು ಹರಳು ನೋಡುವ ಗಾಜನ್ನು ಕಣ್ಣಿಗೆ ಒತ್ತಿಕೊಂಡು ಒಂದು ಎಳೆಯನ್ನು ಬೆಳಕಿಗೆ ಹಿಡಿದರು. ತುದಿ ತುತ್ತೂರಿಯಂತೆ ಅಗಲವಾಗಿದೆ, ಅಂಚು ಸಣ್ಣಗೆ ಹರಿದಂತಿದೆ ಎಂದರು. ತಣ್ಣೀರಿನ ಬಟ್ಟಲಿಗೆ ಹಾಕಿದೆವು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಜೇನಿನ ಬಣ್ಣ ನಿಧಾನವಾಗಿ ಬಿಟ್ಟುಕೊಳ್ಳತೊಡಗಿತು, ಎಳೆ ಕೆಂಪಾಗಿಯೇ ಉಳಿಯಿತು. ನಕಲಿಯಾಗಿದ್ದರೆ ಕೂಡಲೇ ನೀರು ಕೆಂಪಾಗಿ ಎಳೆ ಬಿಳಚಿಕೊಳ್ಳುತ್ತಿತ್ತು. “ಅಸಲಿ,” ಎಂದರು. ಕ್ಯಾಪ್ಸೂಲಿನ ಡಬ್ಬಿಯನ್ನು ತಿರುಗಿಸಿ ನೋಡಿ, ಮುಂದಿನ ವಾರ ಡಾಕ್ಟರಿಗೆ ತೋರಿಸುವ ಚೀಟಿಗಳ ಜೊತೆ ಇಟ್ಟರು.

ಅವರ ತಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. “ಹಂಗಾದ್ರೆ ಹುಡುಗಿಗೆ ಹಾಲು ಕೊಡಬಾರದಾ, ಮೇಷ್ಟ್ರೇ?” ಎಂದರು.

“ಕೊಡಿ ಅಮ್ಮಾ. ಮಾತ್ರೆ ಹಗಲು, ಹಾಲು ರಾತ್ರಿ.”

ಅವರು ತಕ್ಕಡಿಯ ಮೇಲಿಂದ ಮೂರು ಎಳೆ ಎಣಿಸಿ ತೆಗೆದುಕೊಂಡು, ಉಳಿದವನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಆಮೇಲೆ ಕಪಾಟಿನತ್ತ ತಿರುಗಿ, ಮಾತ್ರೆಯ ಹಾಳೆ ಎಲ್ಲಿಟ್ಟಿದ್ದೀಯಾ ಎಂದು ಸೊಸೆಯನ್ನು ಕೂಗಿದರು.