ಹಿಂದಿನ ಟೈರೇ ಮೊದಲು ಸವೆಯುವುದೇಕೆ?

ಯಲಹಂಕದಿಂದ ಹೆಬ್ಬಾಳದ ಮೂಲಕ ದಿನವೂ ಕಾಲೇಜಿಗೆ ಹೋಗಿಬರುವ ಮೋಟಾರ್ ಸೈಕಲ್ಲೊಂದನ್ನು ಗಮನಿಸಿ. ಹಿಂದಿನ ಟೈರಿನ ನಡುಭಾಗ ಬೋಳಾಗಿದ್ದರೂ ಮುಂದಿನದರ ಗೀರುಗಳು ಇನ್ನೂ ಎದ್ದು ಕಾಣುತ್ತಿರುತ್ತವೆ. ರಸ್ತೆ ಒಂದೇ, ದೂರವೂ ಒಂದೇ. ಸವೆತ ಮಾತ್ರ ಬೇರೆ. ಏಕೆ?

ಎಂಜಿನ್ನಿನ ಬಲ ತಲುಪುವುದು ಹಿಂದಿನ ಚಕ್ರಕ್ಕೆ ಮಾತ್ರ. ಗಾಡಿಯನ್ನು ಮುಂದೆ ನೂಕುವ ಕೆಲಸ ಅದರದೇ. ಹಿಂದೆ ಕುಳಿತವರ ಭಾರದ ಹೆಚ್ಚಿನ ಪಾಲೂ ಅದರ ಮೇಲೆಯೇ. ನೇರ ರಸ್ತೆಯಲ್ಲಿ ನೆಲ ಮುಟ್ಟುವುದು ನಡುಭಾಗವಾದ್ದರಿಂದ ಅಲ್ಲಿಯೇ ಚಪ್ಪಟೆಯಾಗುತ್ತದೆ.

ಮುಂದಿನ ಟೈರಿಗೆ ತಿರುಗಿಸುವ, ನಿಲ್ಲಿಸುವ ಹೊಣೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ವಾಲುತ್ತದೆ. ಹೀಗಾಗಿ ಗಾಡಿ ನಿಲ್ಲಿಸುವುದರಲ್ಲಿ ಮುಂದಿನ ಚಕ್ರದ್ದೇ ದೊಡ್ಡ ಪಾಲು. ಅದು ಜಾರಿದರೆ ಸಾವರಿಸಿಕೊಳ್ಳುವುದು ಬಲು ಕಷ್ಟ. ಆದ್ದರಿಂದ ನಿಧಾನವಾಗಿ ಸವೆಯುತ್ತದೆಂದು ಅದನ್ನು ಮರೆಯುವಂತಿಲ್ಲ.

ಮಳೆನೀರನ್ನು ಹೊರದಬ್ಬುವುದೇ ಗೀರುಗಳ ಕೆಲಸ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ದ್ವಿಚಕ್ರ ವಾಹನದ ಟೈರಿನಲ್ಲಿ ಅವುಗಳ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗೀರಿನ ತಳದಲ್ಲಿರುವ ಪುಟ್ಟ ಉಬ್ಬು ಟೈರಿನ ಮೇಲ್ಮೈಗೆ ಸಮನಾಯಿತೆಂದರೆ ಬದಲಿಸುವ ಕಾಲ ಬಂದಿದೆ ಎಂದರ್ಥ. ಮಳೆಗಾಲಕ್ಕೆ ಮುನ್ನ ಅಪ್ಪ-ಮಕ್ಕಳು ಕೂಡಿ ಎರಡೂ ಟೈರುಗಳನ್ನು ಒಮ್ಮೆ ನೋಡಿಬಿಡಲಿ.