ಬಣ್ಣಕ್ಕೆ ಮರುಳಾಗದೆ ಚಾಸಿ ಓದೋಣ

ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಓಡಾಡುವ ನಮ್ಮಂಥ ವಿದ್ಯಾರ್ಥಿಗಳಿಗೆ ಹೆದ್ದಾರಿಯ ಈ ನೋಟ ಹೊಸದಲ್ಲ. ಎಂಜಿನ್, ಗಾಲಿ, ಎರಡು ಉದ್ದನೆಯ ಕಬ್ಬಿಣದ ತೊಲೆ ಇಷ್ಟೇ ಇರುವ ಹೊಸ ಲಾರಿ. ಮೇಲೆ ಕ್ಯಾಬಿನ್ ಇಲ್ಲ. ಡ್ರೈವರ್ ಮುಖಕ್ಕೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲೇ ಓಡಿಸುತ್ತಿರುತ್ತಾನೆ. ಅದು ಬರೀ ಚಾಸಿ. ಬಾಡಿ ಕಟ್ಟುವುದು ಇನ್ನೊಂದು ಊರಲ್ಲಿ, ಇನ್ನೊಬ್ಬರ ಕೈಯಲ್ಲಿ.

ನೂರು ವರ್ಷಗಳ ಹಿಂದೆ ಜಗತ್ತಿನ ದುಬಾರಿ ಕಾರುಗಳ ಕತೆಯೂ ಇದೇ ಆಗಿತ್ತು. ಎರಡನೇ ಮಹಾಯುದ್ಧಕ್ಕೂ ಮುಂಚೆ ಇಂಗ್ಲೆಂಡಿನ ಡರ್ಬಿಯ ರೋಲ್ಸ್ ರಾಯ್ಸ್ ಕಾರ್ಖಾನೆಯಿಂದ ಹೊರಬರುತ್ತಿದ್ದದ್ದು ಎಂಜಿನ್ ಸಮೇತ ಚಾಸಿ ಮಾತ್ರ. ಬಾಡಿ ಹೇಗಿರಬೇಕು ಎಂಬುದನ್ನು ಗ್ರಾಹಕರು ಬಾರ್ಕರ್, ಹೂಪರ್, ಪಾರ್ಕ್ ವಾರ್ಡ್‌ನಂಥ ಬಾಡಿ ಕಟ್ಟುವ ಕಂಪನಿಗಳಿಗೆ ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಬಾರ್ಕರ್ ಕಂಪನಿ ಕಾರು ಹುಟ್ಟುವ ಮೊದಲು ಕುದುರೆ ಸಾರೋಟು ಕಟ್ಟುತ್ತಿತ್ತು. 1840ರಲ್ಲಿ ಶುರುವಾದ ಮದ್ರಾಸಿನ ಸಿಂಪ್ಸನ್ ಕಂಪನಿಯದೂ ಅದೇ ಕಸುಬು. ಹೀಗಾಗಿ ಒಂದೇ ವರ್ಷದ, ಒಂದೇ ಮಾದರಿಯ ಎರಡು ಕಾರುಗಳು ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಇರಬಹುದು.

ಇದಕ್ಕೆ ನಮ್ಮ ಚರಿತ್ರೆಯಲ್ಲೇ ಉದಾಹರಣೆಯಿದೆ. 1948ರವರೆಗೆ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರಿಗಾಗಿ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ತಯಾರಾಯಿತು. ಬಾಡಿ ಬಾರ್ಕರ್ ಕಂಪನಿಯದು. ಹಳದಿ ಬಣ್ಣ, ಹಿಂದೆ ಸಿಂಹಾಸನದಂಥ ಆಸನ. ಆದರೆ ಅವರು 1911ರಲ್ಲೇ ತೀರಿಕೊಂಡರು. 1912ರ ಆ ಕಾರು ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಪಾಲಿಗೆ ಬಂತು. ಈಗ ಅದು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ.

ಅರಮನೆಯ ಕಾರಿಗೆ ದಾಖಲೆ ಇರುತ್ತದೆ. ಎಲ್ಲ ಹಳೆಯ ಕಾರುಗಳಿಗೂ ಆ ಭಾಗ್ಯವಿಲ್ಲ. ಎಷ್ಟೋ ಕಾರುಗಳ ಮೂಲ ಬಾಡಿ ಕೊಳೆತು ಹೋಗಿ, ಅದೇ ಚಾಸಿಯ ಮೇಲೆ ಬೇರೆ ಬಾಡಿ ಕೂತಿದೆ. ಮುಚ್ಚಿದ ಕಾರುಗಳ ತಲೆ ಕತ್ತರಿಸಿ ತೆರೆದ ಕಾರು ಮಾಡಿದ್ದೂ ಉಂಟು. ಇನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಬರುವ ‘ವಿಂಟೇಜ್’ ಕಾರುಗಳಲ್ಲಿ ಹಳೆಯ ಜೀಪಿನ ಮೇಲೆ ತಗಡು ಬಗ್ಗಿಸಿ ಮಾಡಿದವೂ ಇವೆ. ಆ ಕೆಲಸವನ್ನು ನಾನು ಹೀಗಳೆಯುತ್ತಿಲ್ಲ, ಅದೂ ಕೈಕಸುಬೇ. ಆದರೆ ಕೆಂಪು ಸಿಪ್ಪೆ ಇದ್ದ ಮಾತ್ರಕ್ಕೆ ಎಲ್ಲ ಬಾಳೆಯೂ ಕಮಲಾಪುರದ ಬಾಳೆ ಆಗುವುದಿಲ್ಲ. ಅದಕ್ಕೇ ಅಲ್ಲವೇ ನಮ್ಮ ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿರುವುದು?

ಹಾಗಾದರೆ ಕಾರಿನ ಗುರುತು ಹಿಡಿಯುವುದು ಹೇಗೆ? ಮೊದಲು ಚಾಸಿ ನಂಬರ್, ಎಂಜಿನ್ ನಂಬರ್. ಬಾಡಿ ಕಟ್ಟಿದವರು ಸಾಮಾನ್ಯವಾಗಿ ಬಾಗಿಲ ಕೆಳಗಿನ ಹೊಸ್ತಿಲಲ್ಲಿ ತಮ್ಮ ಹೆಸರಿನ ಪುಟ್ಟ ಫಲಕ ಬಡಿಯುತ್ತಿದ್ದರು. ಒಳಗಿನ ಮರದ ಚೌಕಟ್ಟು, ಅದಕ್ಕೆ ಹೊಡೆದ ತಗಡು, ಬಾಗಿಲ ಕೀಲು ಇವೆಲ್ಲ ಒಂದೇ ಕಾಲದವೇ ಎಂದು ನೋಡಬೇಕು. ಆ ಕಾಲದ ಅನೇಕ ಬಾಡಿಗಳು ಅಲ್ಯೂಮಿನಿಯಂನವು. ಅಯಸ್ಕಾಂತ ಅಂಟಿದರೆ ಇನ್ನೊಮ್ಮೆ ಯೋಚಿಸಬೇಕು. ಕೊನೆಗೆ ಹಳೆಯ ಫೋಟೊ, ನೋಂದಣಿ ಕಾಗದ, ಕಂಪನಿಯ ದಾಖಲೆಗಳ ಜೊತೆ ತಾಳೆ ಹಾಕಬೇಕು. ಯಾವ ಒಂದು ಗುರುತೂ ತಾನಾಗಿಯೇ ತೀರ್ಪು ಕೊಡುವುದಿಲ್ಲ. ನಾಲ್ಕೂ ಒಂದೇ ಮಾತು ಹೇಳಬೇಕು.

ಇದು ಶ್ರೀಮಂತರ ಶೋಕಿ, ನೌಕರಿ ಹುಡುಕುತ್ತಿರುವ ನಮಗೇಕೆ ಎಂದು ನೀವು ಕೇಳಬಹುದು. ಕಾರು ಶ್ರೀಮಂತರದು, ನಿಜ. ಆದರೆ ಅದನ್ನು ಓದಬಲ್ಲ ಕಣ್ಣು ಗ್ಯಾರೇಜಿನಲ್ಲಿದೆ. ಬೆರಳ ಗಂಟಿನಿಂದ ಬಾಗಿಲು ತಟ್ಟಿ, ಬಣ್ಣದಡಿ ಎಲ್ಲಿ ಪುಟ್ಟಿ ತುಂಬಿದೆ ಎಂದು ಹೇಳುವ ಉಸ್ತಾದರು ಕಲಬುರಗಿಯಲ್ಲಿ ಇದ್ದಾರೆ. ಅವರಿಗೆ ಹಳೆಯ ಕಾಗದಗಳನ್ನು ಹುಡುಕಿ ಓದುವ ಅಭ್ಯಾಸ ಇಲ್ಲದಿರಬಹುದು. ಇತಿಹಾಸ ಓದಿದ ನಮ್ಮ ಗೆಳೆಯರಿಗೆ ಆ ಅಭ್ಯಾಸವಿದೆ, ತಗಡಿನ ಗುರುತಿಲ್ಲ. ಐಟಿಐ ಹುಡುಗ ಮತ್ತು ಬಿ.ಎ. ಹುಡುಗಿ ಒಟ್ಟಿಗೆ ಕೂತರೆ ಈ ವಿದ್ಯೆ ಪೂರ್ತಿಯಾಗುತ್ತದೆ.

ಕಾನೂನು ಕೂಡ ಈಗ ಇದನ್ನೇ ಕೇಳುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದ ಸ್ವಂತ ಬಳಕೆಯ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನಂಬರ್ ಸಿಗುತ್ತದೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಆ ಮಾನ್ಯತೆ ಇಲ್ಲ. ಅಂದರೆ ಮೂಲ ಯಾವುದು, ಆಮೇಲೆ ಸೇರಿಸಿದ್ದು ಯಾವುದು ಎಂದು ಹೇಳಬಲ್ಲವರು ಬೇಕೇ ಬೇಕು. ಧರ್ಮಸ್ಥಳದ ಮಂಜೂಷಾದಂಥ ವಸ್ತುಸಂಗ್ರಹಾಲಯಗಳಲ್ಲೂ ಹಳೆಯ ಕಾರುಗಳಿವೆ. ಅವುಗಳ ದುರಸ್ತಿ, ದಾಖಲಾತಿಗೂ ಜನ ಬೇಕು.

ಇದನ್ನು ಕಲಿತ ಮರುದಿನವೇ ನೇಮಕಾತಿ ಪತ್ರ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಈ ಹುದ್ದೆಗೆ ಯಾವ ಪರೀಕ್ಷೆಯ ಅರ್ಜಿಯೂ ಕರೆಯುವುದಿಲ್ಲ. ಆದರೆ ಗ್ಯಾರೇಜ್ ಕೆಲಸವನ್ನು ‘ಓದು ಹತ್ತದವರ ಕೆಲಸ’ ಎಂದು ನೋಡುವುದನ್ನು ನಾವು ಮೊದಲು ಬಿಡಬೇಕು. ನಮ್ಮ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಒಬ್ಬ ಹಿರಿಯ ಉಸ್ತಾದರನ್ನು ಕರೆದು ತರಗತಿ ಕೊಡಿಸಲಿ.

ಅಲ್ಲಿಯವರೆಗೆ ನಾವೇ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಪರಿಚಯದವರ ಮನೆಯ ಹಿತ್ತಿಲಲ್ಲೋ ಹಳೆಯ ವಾಡೆಯ ಕೊಟ್ಟಿಗೆಯಲ್ಲೋ ತುಕ್ಕು ಹಿಡಿದ ಗಾಡಿಯೊಂದು ನಿಂತಿದ್ದರೆ, ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ಮೊದಲು ಮಾಲೀಕರನ್ನು ಕೇಳಿ ಚಾಸಿ ನಂಬರ್ ಬರೆದಿಟ್ಟುಕೊಳ್ಳಿ. ಬಾಗಿಲ ಹೊಸ್ತಿಲ ಧೂಳು ಒರೆಸಿ ಒಂದು ಫೋಟೊ ತೆಗೆಯಿರಿ. ಮನೆಯ ಹಿರಿಯರು ಬದುಕಿರುವಾಗಲೇ ಅದು ಯಾರದು, ಎಲ್ಲಿಂದ ಬಂತು ಎಂದು ಕೇಳಿ. ಒಮ್ಮೆ ಗುಜರಿಯವನ ಗ್ಯಾಸ್ ಕಟರ್ ಆಡಿದ ಮೇಲೆ ಯಾವ ಉಸ್ತಾದರಿಗೂ ಅದನ್ನು ಓದಲು ಸಾಧ್ಯವಿಲ್ಲ.